ಮೊಟ್ಟೆ ಕದ್ದವರು ಯಾರು?

ನಮ್ಮ ಮನೆಯಲ್ಲಿ 5 ಹೇಂಟೆಗಳಿವೆ. ಮೊಟ್ಟೆ ಮಾರಿದ ಹಣದಲ್ಲೇ ಉಮ್ಮ ನನ್ನ ಬಸ್ಸಿನ ಖರ್ಚು ನೋಡಿಕೊಳ್ಳುತ್ತಾರೆ. ಕಳೆದ ವರ್ಷ ಮೊಟ್ಟೆ ಕಡಿಮೆಯಾದಾಗ ತಮ್ಮನೇ ಕದ್ದು ತಿನ್ನುತ್ತಿದ್ದಾನೆಂದು ನಾನು ಬೈದೆ. ಅವನು ಅತ್ತರೂ ನಂಬಲಿಲ್ಲ. ಒಂದು ದಿನ ಸೌದೆ ರಾಶಿ ಸರಿಸಿದರೆ ಅಲ್ಲಿ 11 ಮೊಟ್ಟೆಗಳು! ಹೆಚ್ಚಿನವು ಕೊಳೆತಿದ್ದವು.

ಮೊಟ್ಟೆಯಿಡಲು ಕೋಳಿ ಕತ್ತಲೆಯ, ಸದ್ದಿಲ್ಲದ ಮೂಲೆ ಹುಡುಕುತ್ತದೆ. ಅಂಥ ಜಾಗ ಗೂಡಿನಲ್ಲೇ ಸಿಕ್ಕರೆ ಹೊರಗೆ ಅಲೆಯುವುದು ಕಡಿಮೆ.

ಹಣ್ಣಿನಂಗಡಿಯ ಹಳೇ ಮರದ ಪೆಟ್ಟಿಗೆಗಳಿಂದ ನಾವು 2 ಮೊಟ್ಟೆಪೆಟ್ಟಿಗೆ ಮಾಡಿದೆವು. ನಾಲ್ಕೈದು ಕೋಳಿಗೆ ಒಂದು ಸಾಕು. ಉದ್ದ, ಅಗಲ, ಎತ್ತರ ತಲಾ 12 ಇಂಚು. ತೀರಾ ದೊಡ್ಡದಾದರೆ ಎರಡು ಕೋಳಿ ಒಟ್ಟಿಗೆ ನುಗ್ಗಿ ಮೊಟ್ಟೆ ಒಡೆಯುತ್ತವೆ. ಮೊಟ್ಟೆ ಉರುಳದಂತೆ ಮುಂದೆ 4 ಇಂಚಿನ ಪಟ್ಟಿ ಹೊಡೆಯಬೇಕು. ಒಳಗೆ ಒಣ ಬೈಹುಲ್ಲು ಹಾಸಿ, ಒದ್ದೆಯಾದರೆ ಬದಲಿಸಬೇಕು.

ಮುಖ್ಯ ಸಂಗತಿಯೊಂದಿದೆ. ಕೋಳಿ ರಾತ್ರಿ ಎತ್ತರದ ಜಾಗದಲ್ಲಿ ಮಲಗುತ್ತದೆ. ಆದ್ದರಿಂದ ಪೆಟ್ಟಿಗೆ ಅದು ಕೂರುವ ಕೋಲಿಗಿಂತ ಕೆಳಗಿರಲಿ. ಇಲ್ಲವಾದರೆ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ.

ಅಭ್ಯಾಸವಾಗಲು ಮೊಟ್ಟೆಯಂಥ ಒಂದು ಬಿಳಿ ಕಲ್ಲನ್ನು ಒಳಗಿಟ್ಟೆವು. ಹೆಚ್ಚಿನ ಮೊಟ್ಟೆಗಳು ಮಧ್ಯಾಹ್ನದೊಳಗೆ ಬೀಳುತ್ತವೆ. ಬೇಗ ತೆಗೆಯಬೇಕು. ಒಡೆದ ಮೊಟ್ಟೆಯ ರುಚಿ ಹತ್ತಿದರೆ ಕೋಳಿ ತಾನೇ ಕುಕ್ಕಿ ತಿನ್ನಲು ಕಲಿಯುತ್ತದೆ.

ಎರಡು ವಾರದಲ್ಲಿ ಐದೂ ಪೆಟ್ಟಿಗೆಗೆ ಬಂದವು. ನಾನು ತಮ್ಮನಲ್ಲಿ ಮಾಫಿ ಕೇಳಿದೆ. ಈಗ ಮೊಟ್ಟೆ ತೆಗೆದು ಎಣಿಸಿ ಉಮ್ಮನಿಗೆ ಕೊಡುವ ಕೆಲಸ ಅವನದೇ.