ಪಾದದ ಕೀಲಿನ ಹಾನಿಗೆ ಅಸ್ಥಿ ಕಸಿ ಶಸ್ತ್ರಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಕಾಲು ಉಳುಕಿದಾಗ ಬಾವು ಇಳಿದೊಡನೆ ಗುಣವಾಯಿತೆಂದು ಭಾವಿಸುವುದು ಸಾಮಾನ್ಯ. ಆದರೆ ಕೆಲವರಲ್ಲಿ ಉಳುಕಿನ ಜೊತೆಗೆ ಕೀಲಿನೊಳಗಿನ ಮೃದ್ವಸ್ಥಿಗೂ ಅದರ ತಳದ ಮೂಳೆಗೂ ಪೆಟ್ಟಾಗಿರುತ್ತದೆ. ಈ ಹಾನಿಯ ಸ್ವರೂಪ, ಅಸ್ಥಿ ಕಸಿ ಚಿಕಿತ್ಸೆ ಹಾಗೂ ಹುಬ್ಬಳ್ಳಿ-ಧಾರವಾಡದ ನಾಗರಿಕರು ಸರ್ಕಾರದ ನೆರವು ಪಡೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಾನಿಯ ಸ್ವರೂಪ

ಕಾಲಿನ ಮೂಳೆಗಳು ಪಾದವನ್ನು ಸೇರುವಲ್ಲಿ ಟಾಲಸ್ ಎಂಬ ಮೂಳೆ ಇದ್ದು, ದೇಹದ ಭಾರವು ಇದರ ಮೂಲಕವೇ ಪಾದಕ್ಕೆ ಇಳಿಯುತ್ತದೆ. ಇದರ ಬಹುಭಾಗವನ್ನು ಮೃದ್ವಸ್ಥಿ ಆವರಿಸಿದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲದ ಕಾರಣ ಅದು ತಾನಾಗಿಯೇ ಮೊದಲಿನಂತೆ ಕೂಡಿಕೊಳ್ಳುವುದು ವಿರಳ. ಕಾಲಕ್ರಮೇಣ ತಳದ ಮೂಳೆಯಲ್ಲಿ ಟೊಳ್ಳು ಉಂಟಾಗಬಹುದು. ಆರಂಭದ ಕ್ಷ-ಕಿರಣ ಚಿತ್ರದಲ್ಲಿ ಇದು ಕಾಣದಿರುವ ಸಾಧ್ಯತೆಯಿದೆ. ಆರು ವಾರ ಕಳೆದರೂ ನೋವು, ಬಾವು ಅಥವಾ ಕೀಲು ಸಿಕ್ಕಿಕೊಂಡಂತಾಗುವುದು ಮುಂದುವರಿದಲ್ಲಿ, ತಿಕ್ಕಿಸುವುದು, ಕಾಲನ್ನು ಎಳೆಸಿ ಕಟ್ಟಿಸುವುದು ಮಾಡದೆ ಮೂಳೆ ತಜ್ಞರನ್ನು ಕಾಣತಕ್ಕದ್ದು. ಅಗತ್ಯವಿದ್ದಲ್ಲಿ ಅವರು ಎಂ.ಆರ್.ಐ. ಪರೀಕ್ಷೆಗೆ ಸೂಚಿಸುತ್ತಾರೆ.

ಚಿಕಿತ್ಸೆ

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಸಾಮಾನ್ಯವಾಗಿ ಮೊದಲು ವಿಶ್ರಾಂತಿ, ಪಟ್ಟಿ ಹಾಗೂ ಫಿಸಿಯೋಥೆರಪಿ ನೀಡಲಾಗುತ್ತದೆ. ಗಾಯ ಚಿಕ್ಕದಿದ್ದರೆ ದುರ್ಬೀನಿನ ಸಹಾಯದಿಂದ ಅದನ್ನು ಶುಚಿಗೊಳಿಸಿ, ಮೂಳೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಲಾಗುತ್ತದೆ. ಗಾಯ ದೊಡ್ಡದಿದ್ದರೆ ಅಥವಾ ಮೂಳೆ ಟೊಳ್ಳಾಗಿದ್ದರೆ ಕಸಿಯನ್ನು ಪರಿಗಣಿಸಲಾಗುತ್ತದೆ. ಹಾಳಾದ ಭಾಗವನ್ನು ತೆಗೆದು, ರೋಗಿಯ ಸೊಂಟದ ಮೂಳೆಯಿಂದ ಪಡೆದ ತುಣುಕುಗಳನ್ನು ಅಲ್ಲಿ ತುಂಬಲಾಗುತ್ತದೆ. ಕೆಲವು ಪ್ರಕರಣಗಳಲ್ಲಿ ಮೊಣಕಾಲಿನಿಂದ ಮೃದ್ವಸ್ಥಿಸಹಿತ ಮೂಳೆಯ ತುಂಡನ್ನು ತೆಗೆದು ಕೂರಿಸುವುದೂ ಉಂಟು. ಸ್ವಂತ ಮೂಳೆಯಾದ್ದರಿಂದ ದೇಹವು ಅದನ್ನು ತಿರಸ್ಕರಿಸುವುದಿಲ್ಲ. ಆದಾಗ್ಯೂ ಸೋಂಕು, ಕಸಿ ಕೂಡದಿರುವುದು, ಮೂಳೆ ತೆಗೆದ ಜಾಗದಲ್ಲಿ ನೋವು ಉಂಟಾಗುವ ಸಂಭವವಿದೆ.

ಶಸ್ತ್ರಚಿಕಿತ್ಸೆಯ ನಂತರ

ಸಾಮಾನ್ಯವಾಗಿ ಸುಮಾರು ಆರು ವಾರ, ಅಥವಾ ವೈದ್ಯರು ಸೂಚಿಸುವವರೆಗೆ, ಕಾಲಿನ ಮೇಲೆ ಭಾರ ಹಾಕಬಾರದು. ಬೀಡಿ, ಸಿಗರೇಟು ಸೇವನೆಯು ಮೂಳೆ ಕೂಡುವುದನ್ನು ವಿಳಂಬಗೊಳಿಸುತ್ತದೆ. ಹೊಲದ ಕೆಲಸ, ಹಮಾಲಿ ಮೊದಲಾದ ಶ್ರಮದ ದುಡಿಮೆಗೆ ಮರಳಲು ಹಲವು ತಿಂಗಳು ಬೇಕಾಗಬಹುದು. ಇದು ಸಾಮಾನ್ಯವಾಗಿ ತುರ್ತು ಶಸ್ತ್ರಚಿಕಿತ್ಸೆಯಲ್ಲ. ಆದುದರಿಂದ ಮನೆಯ ಖರ್ಚಿನ ಏರ್ಪಾಡು ಮಾಡಿಕೊಂಡು ದಿನಾಂಕವನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ.

ಸರ್ಕಾರದ ನೆರವು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದ್ದು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಿರ್ವಹಿಸುತ್ತದೆ. ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ಗಳವರೆಗೆ ನೆರವು ಲಭ್ಯ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವಾರ್ಷಿಕ 1.5 ಲಕ್ಷ ರೂ.ಗಳ ಮಿತಿಯಲ್ಲಿ ದೊರೆಯುತ್ತದೆ.

ಅರ್ಜಿದಾರರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಧಾರವಾಡದ ಜಿಲ್ಲಾ ಆಸ್ಪತ್ರೆ ಅಥವಾ ಹುಬ್ಬಳ್ಳಿ ವಿದ್ಯಾನಗರದ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆ (ಹಿಂದಿನ ಕಿಮ್ಸ್) ಇವುಗಳನ್ನು ಸಂಪರ್ಕಿಸಬಹುದು. ತುರ್ತಲ್ಲದ ಚಿಕಿತ್ಸೆಗೆ ರೆಫರಲ್ ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದಲ್ಲಿ ಸೌಲಭ್ಯ ಕೈತಪ್ಪಬಹುದು. ತಮ್ಮ ಶಸ್ತ್ರಚಿಕಿತ್ಸೆಯು ಪಟ್ಟಿಯಲ್ಲಿದೆಯೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು.