ನಿವೃತ್ತರ ಜೀವನ ಪ್ರಮಾಣ

ಪಿಂಚಣಿ ಪಡೆಯುವವರು ತಾವು ಬದುಕಿರುವುದನ್ನು ಪ್ರತಿವರ್ಷವೂ ಏಕೆ ರುಜುವಾತುಪಡಿಸಬೇಕು? — ಓದುಗರೊಬ್ಬರು, ಹಳ್ಳಿಮೈಸೂರು

ಒಮ್ಮೆ ಮಂಜೂರಾದ ಪಿಂಚಣಿಯು ತಿಂಗಳು ತಿಂಗಳು ತಾನಾಗಿಯೇ ಖಾತೆಗೆ ಸೇರುವುದಾದರೂ, ಮರಣ, ಪುನರ್ವಿವಾಹ, ಅಂಗವಿಕಲ ಸಂತಾನದ ಸ್ವಂತ ಸಂಪಾದನೆ ಮೊದಲಾದ ವ್ಯತ್ಯಾಸಗಳು ಖಜಾನೆಗೆ ತಾವಾಗಿ ತಿಳಿಯಲಾರವಾದ ಕಾರಣ, ಹೇಮಾವತಿ ನಾಲೆಯ ತೂಬು ತೆರೆದ ನೀರಗಂಟಿಯು ಗದ್ದೆಯಲ್ಲಿ ಪೈರು ನಿಂತಿದೆಯೇ ಎಂದು ಮರಳಿ ಬಂದು ನೋಡುವಂತೆ, ಕೇಂದ್ರ ಸರಕಾರದ ನಿವೃತ್ತರಿಂದ ಪ್ರತಿ ನವೆಂಬರಿನಲ್ಲಿ, 80 ದಾಟಿದವರಿಂದ ಅಕ್ಟೋಬರಿನಿಂದಲೇ, ಜೀವನ ಪ್ರಮಾಣಪತ್ರವನ್ನು ಸ್ವೀಕರಿಸಲಾಗುತ್ತದೆ. ಹಾಸಿಗೆ ಹಿಡಿದ ವೃದ್ಧರನ್ನು ಇದಕ್ಕಾಗಿ ಬ್ಯಾಂಕಿಗೆ ಹೊತ್ತು ತರುವುದು ನಿಷ್ಕರುಣೆಯೆಂದೇ ನನ್ನ ಭಾವನೆ. 2014ರಲ್ಲಿ ಆಧಾರ್ ಬೆರಳಚ್ಚೂ, ದುಡಿದು ಸವೆದ ಬೆರಳುಗಳನ್ನು ಯಂತ್ರವು ಗುರುತಿಸದೆಹೋದಾಗ ನೆರವಾಗುವ ಮುಖಚಹರೆಯ ಪರೀಕ್ಷೆಯೂ 2021ರಲ್ಲಿ ಬಂದುದರಿಂದ, ಈಗ ಅಂಚೆಯವರೇ ಮನೆಗೆ ಬಂದು ಈ ಕಾರ್ಯವನ್ನು ನೆರವೇರಿಸಬಲ್ಲರು. ಪತ್ರವು ತಡವಾದರೆ ಪಿಂಚಣಿ ನಿಲ್ಲುವುದು. ಸಲ್ಲಿಸಿದ ಬಳಿಕ ಬಾಕಿಯೊಡನೆ ಮರಳಿ ಬರುವುದು.