ಶ್ರೀಗಂಧದ ಪಕ್ಕ ಬೇವು ಯಾಕಿರಬೇಕು?

ಕಡೂರು, ತರೀಕೆರೆ, ಅಜ್ಜಂಪುರದ ರೈತರೇ, ನಿಮ್ಮ ಬದುವಿನಲ್ಲಿ ಶ್ರೀಗಂಧ ಇದೆಯಾ? 2001ರಲ್ಲಿ ಅರಣ್ಯ ಕಾಯ್ದೆ ತಿದ್ದುಪಡಿಯಾಗಿ, ಜಮೀನಿನಲ್ಲಿ ಬೆಳೆದ ಗಂಧ ಜಮೀನಿನವರದ್ದೇ ಆಯಿತು. ಆದರೆ ಅದಕ್ಕೆ ಕಳ್ಳರ ಭಯ ಒಂದೇ ಅಲ್ಲ, ಕಾಂಡಕೊರಕ ಹುಳುವಿನ ಕಾಟವೂ ಇದೆ.

ಗಂಧ ಒಂಟಿಯಾಗಿ ಬದುಕೋ ಮರವಲ್ಲ. ಬುಡದ ಮಣ್ಣು ಮೆಲ್ಲಗೆ ಸರಿಸಿ ನೋಡಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಪುಟ್ಟ ಅಂಗಿ ಗುಂಡಿಯ ಹಾಗೆ ಕಚ್ಚಿಕೊಂಡಿರುತ್ತೆ. ಅಲ್ಲಿಂದಲೇ ನೀರು, ಲವಣ ಹೀರುತ್ತೆ.

ನೀರಿನ ಜೊತೆ ಇನ್ನೇನು ಬರುತ್ತೆ? ಆಸ್ಟ್ರೇಲಿಯಾದಲ್ಲಿ ಗಂಧದ ಕುಲಕ್ಕೇ ಸೇರಿದ ಕ್ವಾಂಡಾಂಗ್ ಮರವಿದೆ. ಅದರ ಹಣ್ಣಿಗೆ ಪತಂಗದ ಹುಳು ಬೀಳುತ್ತೆ. ಹುಚ್ಚುಬೇವಿನ ಪಕ್ಕ ಬೆಳೆದ ಕ್ವಾಂಡಾಂಗ್ ಹಣ್ಣಿಗೆ ಮಾತ್ರ ಹುಳು ಕೊಲ್ಲುವ ಗುಣ ಬಂದಿತ್ತು! ಅಲ್ಲಿನ ವಿಜ್ಞಾನಿಗಳು ಅದೇ 2001ರಲ್ಲಿ ಇದನ್ನು ಪ್ರಕಟಿಸಿದರು. ಹುಚ್ಚುಬೇವಿನ ಸತ್ವ ಬೇರಿನ ದಾರಿಯಲ್ಲೇ ದಾಟಿತ್ತು. ನನಗಂತೂ ಇದು ಬಹಳ ದೊಡ್ಡ ಸಂಗತಿ.

ನಮ್ಮ ಹೆಬ್ಬೇವು ಹುಚ್ಚುಬೇವಿನದೇ ಕುಲ. ಹಾಗಾಗಿ ಗಂಧದ ಸಾಲಿನ ನಡುವೆ ಹೆಬ್ಬೇವು, ಬೇವು, ಹೊಂಗೆ ಬೆರೆಸಿ ನೆಡಿ. ಎಳೆ ಸಸಿಗೆ ಮೊದಲು ತೊಗರಿ ಸಾಕು. ಹೆಬ್ಬೇವು ಬೇಗ ಎತ್ತರಕ್ಕೆ ಹೋಗುತ್ತೆ. ಕೊಂಬೆ ಸವರುತ್ತಿರಿ, ಗಂಧಕ್ಕೆ ಬಿಸಿಲು ಬೇಕು.

ಜೊತೆಮರ ಇದೆ ಅಂತ ಮೈಮರೆಯಬೇಡಿ. ಬುಡದಲ್ಲಿ ಹುಳುವಿನ ಹಿಕ್ಕೆ, ಮರದ ಹೊಟ್ಟು ಉದುರಿದ್ದರೆ ಮೇಲೆ ತೂತು ಹುಡುಕಿ. ಅವತ್ತೇ ತಂತಿ ತೂರಿಸಿ ಹುಳು ಕೊಂದು, ತೂತಿಗೆ ಜೇಡಿಮಣ್ಣು ಮೆತ್ತಿ.